ಏಳು ವಾರ, ನಾಲ್ಕು ದ್ವೀಪ: ಮಾರ್ಕೇಸಸ್‌ಗೆ ಹೋಗಿಬಂದ ನನ್ನ ಅನುಭವ

ಟಹೀಟಿ ದ್ವೀಪದ ಪಪೇಟೆ ಊರಿನಲ್ಲಿ ನಾನು ಬುಕ್ ಮಾಡಿದ್ದ ಮನೆಯ ಮುಂದೆ ಟ್ಯಾಕ್ಸಿ ಇಳಿದಾಗ ರಾತ್ರಿ ಹನ್ನೆರಡೂವರೆ. ಗೇಟಿಗೆ ಬೀಗ. ನಾಯಿ ಬೊಗಳಿತು, ದೀಪ ಹತ್ತಿತು, ಲುಂಗಿಯ ಹಾಗಿನ ಹೂಬಟ್ಟೆ ಸುತ್ತಿಕೊಂಡು ಯಜಮಾನರು ಹೊರಗೆ ಬಂದರು. ನನ್ನ ಫೋನಿನಲ್ಲಿದ್ದ ಬುಕಿಂಗ್ ನೋಡಿ ನಕ್ಕುಬಿಟ್ಟರು. ನನ್ನ ರೂಮು ಇದ್ದದ್ದು ಮಾರನೇ ರಾತ್ರಿಗೆ.

ಆದದ್ದು ಇಷ್ಟೇ. ಆಕ್ಲೆಂಡಿನಿಂದ 2024ರ ಆಗಸ್ಟ್ 24, ಶನಿವಾರ ಸಂಜೆ ಹೊರಟಿದ್ದೆ. ಐದು ಗಂಟೆಯ ಪ್ರಯಾಣ. ಶನಿವಾರ ರಾತ್ರಿ ತಲುಪುತ್ತೇನೆ ಅಂತ ಶನಿವಾರಕ್ಕೇ ರೂಮು ಹಿಡಿದಿದ್ದೆ. ನಡುವೆ ದಿನಾಂಕ ರೇಖೆ ಇದೆ, ಪೂರ್ವಕ್ಕೆ ಹೋಗುತ್ತಾ ಅದನ್ನು ದಾಟಿದರೆ ತಾರೀಕು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಇಳಿದದ್ದು ಆಗಸ್ಟ್ 23, ಶುಕ್ರವಾರ ರಾತ್ರಿ. ಹೊರಟದ್ದಕ್ಕಿಂತ ಮೊದಲೇ ತಲುಪಿದ್ದೆ. ಟಿಕೆಟ್ಟಿನಲ್ಲಿ ಎರಡೂ ತಾರೀಕು ಸರಿಯಾಗೇ ಅಚ್ಚಾಗಿತ್ತು. ಎಂಟು ತಿಂಗಳು ಎಕ್ಸೆಲ್ ಶೀಟು ಇಟ್ಟುಕೊಂಡು ಪ್ಲಾನ್ ಮಾಡಿದ ನನ್ನ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ. ಆ ರಾತ್ರಿ ಅವರ ವರಾಂಡದ ಕುರ್ಚಿಯಲ್ಲಿ ಮಲಗಿದೆ. ಹೊದೆಯಲು ಒಂದು ಬೆಡ್‌ಶೀಟ್ ಕೊಟ್ಟರು, ಬೆಳಿಗ್ಗೆ ಕಾಫಿಯನ್ನೂ ಕೊಟ್ಟರು.

ಹೋಗಬೇಕಿದ್ದದ್ದು ಟಹೀಟಿಗಲ್ಲ. ಅಲ್ಲಿಂದ ಈಶಾನ್ಯಕ್ಕೆ ಇನ್ನೂ ಸುಮಾರು 1,500 ಕಿಲೋಮೀಟರ್ ಆಚೆ ಮಾರ್ಕೇಸಸ್ ದ್ವೀಪಗಳಿವೆ. ಫ್ರೆಂಚ್ ಪಾಲಿನೇಷ್ಯಾಕ್ಕೆ ಸೇರಿದವು. ಜನ ಇರುವುದು ಆರು ದ್ವೀಪಗಳಲ್ಲಿ: ನುಕು ಹಿವಾ, ಉವಾ ಪೌ, ಉವಾ ಹುಕಾ, ಹಿವಾ ಓವಾ, ತಹುವಾತಾ, ಫಾತು ಹಿವಾ. ಎಲ್ಲಾ ಸೇರಿ ಜನಸಂಖ್ಯೆ ಹತ್ತು ಸಾವಿರವೂ ಇಲ್ಲ.

ಯಾಕೆ ಅಲ್ಲಿಗೇ ಅಂತ ಆಫೀಸಿನಲ್ಲಿ ಎಲ್ಲರೂ ಕೇಳಿದರು. ಜೀಗುಜ್ಜೆ ನೋಡೋದಕ್ಕೆ ಅಂದರೆ ಯಾರೂ ನಂಬಲಿಲ್ಲ. ವಿಟ್ಲದ ಹತ್ತಿರ ನಮ್ಮ ಮನೆಯ ಅಂಗಳದ ಬದಿಯಲ್ಲಿ ದೊಡ್ಡದೊಂದು ಜೀಗುಜ್ಜೆ ಮರ ಇದೆ. ಘಟ್ಟದ ಮೇಲಿನವರು ಅದಕ್ಕೆ ದೀವಿಹಲಸು ಅನ್ನುತ್ತಾರೆ. ದೀವಿ ಅಂದರೆ ದ್ವೀಪ. ಯಾವ ದ್ವೀಪದಿಂದ ಬಂತಪ್ಪಾ ಇದು ಅಂತ ಚಿಕ್ಕವನಿದ್ದಾಗ ಶುರುವಾದ ಕುತೂಹಲ. ಪೆಸಿಫಿಕ್ಕಿನ ಜನ ಈ ಗಿಡವನ್ನು ದೋಣಿಯಲ್ಲಿಟ್ಟುಕೊಂಡು ದ್ವೀಪದಿಂದ ದ್ವೀಪಕ್ಕೆ ಒಯ್ದು ನೆಟ್ಟವರು. ಮಾರ್ಕೇಸಸ್‌ನಲ್ಲಂತೂ ನಮಗೆ ಅಕ್ಕಿ ಹೇಗೋ ಅವರಿಗೆ ಇದು ಹಾಗೆ. ಎರಡು ತಿಂಗಳು ಸಂಬಳವಿಲ್ಲದ ರಜೆ ಸಿಕ್ಕಿತು, ಹೊರಟೆ.

ಮೊದಲು ವೀಸಾ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಫ್ರಾನ್ಸಿಗೆ ಸೇರಿದ್ದು, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಸಾಲದು. ಫ್ರೆಂಚ್ ಪಾಲಿನೇಷ್ಯಾ ಷೆಂಗೆನ್‌ನಲ್ಲಿ ಇಲ್ಲ. ಭಾರತದ ಪಾಸ್‌ಪೋರ್ಟಿಗೆ ಬೇರೆಯೇ ವೀಸಾ ಬೇಕು, ಅದರ ಮೇಲೆ ಫ್ರೆಂಚ್ ಪಾಲಿನೇಷ್ಯಾಕ್ಕೆ ಸಲ್ಲುತ್ತದೆ ಅಂತ ಬರೆದಿರಬೇಕು. ನಾನು ಷೆಂಗೆನ್ ಅರ್ಜಿಯನ್ನೇ ತುಂಬಿ ಪ್ರಿಂಟ್ ಕೂಡ ತೆಗೆದಿದ್ದೆ. ಅರ್ಜಿ ಕೊಡುವ ಹಿಂದಿನ ರಾತ್ರಿ ಯಾಕೋ ನಿಯಮ ಇನ್ನೊಮ್ಮೆ ಓದಿದೆ, ಬಚಾವಾದೆ. ಎರಡನೆಯದು ದಾರಿಯ ವೀಸಾ. ಲಾಸ್ ಏಂಜಲೀಸ್ ಮೇಲೆ ಹೋದರೆ ಸುಮ್ನೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ನಾನು ಸಿಂಗಾಪುರ, ಆಕ್ಲೆಂಡ್ ದಾರಿ ಹಿಡಿದೆ. ಆಕ್ಲೆಂಡಿನಲ್ಲಿ ಎರಡು ದಿನ ನಿಲ್ಲುವುದಿತ್ತು, ಅದಕ್ಕೆ ನ್ಯೂಜಿಲೆಂಡಿನ ವಿಸಿಟರ್ ವೀಸಾ. ಹಾಗಾಗಿ ಎರಡು ಅರ್ಜಿ, ಎರಡು ಫೀಸು, ಎರಡು ಸಲ ಬ್ಯಾಂಕ್ ಸ್ಟೇಟ್‌ಮೆಂಟ್.

ಫ್ರೆಂಚ್ ಕಲಿತದ್ದು ಬೆಂಗಳೂರಿನ ಅಲಯಾನ್ಸ್ ಫ್ರಾನ್ಸೇಸ್‌ನಲ್ಲಿ, ನಾಲ್ಕು ತಿಂಗಳು, ವಾರಾಂತ್ಯದಲ್ಲಿ. ಇದಕ್ಕೆ ಕೊಟ್ಟ ದುಡ್ಡಿನಷ್ಟು ಇನ್ಯಾವ ದುಡ್ಡೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆ. ಮನೆಯೊಳಗೆ ಮಾರ್ಕೇಸನ್ ಭಾಷೆ, ಹೊರಗಿನವರ ಜೊತೆ ಫ್ರೆಂಚ್.

ನನ್ನ ಮೊದಲ ಪ್ಲಾನಿನಲ್ಲಿ ಆರೂ ದ್ವೀಪ ಇದ್ದವು. ಒಂದೊಂದಕ್ಕೆ ಒಂದು ವಾರ, ಕೊನೆಗೆ ಒಂದು ವಾರ ಟಹೀಟಿ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಅದನ್ನು ಹರಿದು ಹಾಕಿಸಿದ್ದು ಒಂದು ಹಡಗಿನ ವೇಳಾಪಟ್ಟಿ.

ಅರಾನುಯಿ ಅಂತ ಒಂದು ಹಡಗಿದೆ. ಮುಂದಿನ ಅರ್ಧದಲ್ಲಿ ಕ್ರೇನು, ಕಂಟೇನರು. ಹಿಂದಿನ ಅರ್ಧದಲ್ಲಿ ಪ್ರವಾಸಿಗರ ಕೋಣೆಗಳು. ಪಪೇಟೆಯಿಂದ ಹೊರಟು ಸುಮಾರು ಹನ್ನೆರಡು ದಿನದಲ್ಲಿ ಆರೂ ದ್ವೀಪ ಸುತ್ತಿ ವಾಪಸ್ ಹೋಗುತ್ತದೆ. ಅಕ್ಕಿ, ಸಿಮೆಂಟು, ಗ್ಯಾಸು, ಈರುಳ್ಳಿ, ಬೈಕು ಎಲ್ಲಾ ತರುತ್ತದೆ, ಒಣಕೊಬ್ಬರಿ ತುಂಬಿಕೊಂಡು ಹೋಗುತ್ತದೆ. ಅದರಲ್ಲೇ ಹೋಗಬಹುದಿತ್ತು. ಆದರೆ ಅದು ಒಂದೊಂದು ಊರಲ್ಲಿ ಒಂದು ದಿನವೂ ಪೂರ್ತಿ ನಿಲ್ಲುವುದಿಲ್ಲ. ನನಗೆ ಬೇಕಿದ್ದದ್ದು ಅದಲ್ಲ. ಹಾಗಂತ ಅದನ್ನು ಮರೆತು ಪ್ಲಾನ್ ಮಾಡುವ ಹಾಗೂ ಇಲ್ಲ. ಹಡಗು ಬಂದ ದಿನ ಊರಿನ ಗೈಡು, ಜೀಪು, ಕುದುರೆ ಎಲ್ಲಾ ಆ ಪ್ರವಾಸಿಗರಿಗೆ ಮೀಸಲು. ಹಡಗು ಹೋದ ಮೇಲೆ ಅಂಗಡಿ ತುಂಬಿರುತ್ತದೆ. ಹತ್ತು ದಿನ ಕಳೆದರೆ ತರಕಾರಿಯ ಗೂಡು ಖಾಲಿ. ಅದರ ತಾರೀಕುಗಳು ವರ್ಷದ ಮೊದಲೇ ಸಿಗುತ್ತವೆ. ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿ, ಅದರ ಸುತ್ತ ನನ್ನ ದಿನಗಳನ್ನು ಜೋಡಿಸಿದೆ. ಹಡಗು ಬರುವ ದಿನ ಊರು ಬದಲಿಸಬಾರದು, ಜೀಪು ಬೇಕಾಗುವ ಕೆಲಸ ಇಟ್ಟುಕೊಳ್ಳಬಾರದು. ಇಷ್ಟು ಮಾಡುವಷ್ಟರಲ್ಲೇ ಎರಡು ದ್ವೀಪ ಬಿದ್ದುಹೋದವು.

ಉಳಿದದ್ದು ನಾಲ್ಕು. ನುಕು ಹಿವಾದಲ್ಲಿ ಮೂರು ವಾರ, ಉವಾ ಪೌನಲ್ಲಿ ಒಂದು, ಹಿವಾ ಓವಾದಲ್ಲಿ ಒಂದೂವರೆ, ಫಾತು ಹಿವಾದಲ್ಲಿ ಐದು ದಿನ. ಅದಾದ ಮೇಲೆ ಹಿವಾ ಓವಾಕ್ಕೆ ವಾಪಸ್, ಅಲ್ಲಿಂದ ವಿಮಾನ. ನುಕು ಹಿವಾಕ್ಕೆ ಇಳಿದು ಹಿವಾ ಓವಾದಿಂದ ಹತ್ತುವ ಹಾಗೆ ಟಿಕೆಟ್ ತೆಗೆದರೆ ಬಂದ ದಾರಿಯಲ್ಲೇ ಹಿಂದಿರುಗುವುದು ತಪ್ಪುತ್ತದೆ. ಫಾತು ಹಿವಾದ ನಂತರ ಆರು ದಿನ ಖಾಲಿ ಬಿಟ್ಟಿದ್ದೆ. ಹೆಂಡತಿ ಶೀಟು ನೋಡಿ ಕೇಳಿದಳು, "ಈ ಆರು ದಿನ ಏನ್ ಮಾಡ್ತೀರಿ?" ಗೊತ್ತಿಲ್ಲ ಅಂದೆ. "ಹಾಗಾದ್ರೆ ಮನೆಗೇ ಬನ್ನಿ" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಫಾತು ಹಿವಾದಲ್ಲಿ ವಿಮಾನ ಇಳಿಯುವ ಜಾಗವೇ ಇಲ್ಲ. ಹೋಗುವುದೂ ಬರುವುದೂ ದೋಣಿಯಲ್ಲಿ, ಅದೂ ಸಮುದ್ರ ದಾರಿ ಕೊಟ್ಟರೆ.

ಉಳಿಯುವ ಜಾಗ ಹುಡುಕಿದ್ದು ಇನ್ನೊಂದು ಕಥೆ. ದೊಡ್ಡ ಹೋಟೆಲು ಇಲ್ಲವೆಂದೇ ಹೇಳಬಹುದು. ಮನೆಯವರೇ ನಡೆಸುವ ಪಾನ್ಸಿಯೋನ್‌ಗಳಿವೆ, ನಮ್ಮ ಮಲೆನಾಡಿನ ಹೋಮ್‌ಸ್ಟೇ ಹಾಗೆ. ಎಂಟು ಕಡೆಗೆ ಇಮೇಲ್ ಹಾಕಿದೆ. ಎರಡು ಉತ್ತರ ಬಂತು. ಆಮೇಲೆ ಫೋನ್ ಮಾಡತೊಡಗಿದೆ, ಒಂದೇ ವಾರದಲ್ಲಿ ನಾಲ್ಕೂ ಕಡೆ ಮುಗಿಯಿತು. ಅವರಿಗೆ ದನಿ ಕೇಳಬೇಕು, ಅಷ್ಟೇ. ಈ ಫೋನಿಗೆ ಒಂದು ಲೆಕ್ಕ ಸಿಕ್ಕಿತು, ಅದು ನನಗೆ ಬಹಳ ಇಷ್ಟವಾಯಿತು. ಮಾರ್ಕೇಸಸ್‌ನ ಗಡಿಯಾರ ಟಹೀಟಿಗಿಂತ ಅರ್ಧ ಗಂಟೆ ಮುಂದೆ. ನಮ್ಮದೂ ಅರ್ಧ ಗಂಟೆಯ ಲೆಕ್ಕದ್ದೇ ಅಲ್ವಾ? ಎರಡು ಅರ್ಧ ಸೇರಿ ಸರಿಯಾಗಿ ಹದಿನೈದು ಗಂಟೆಯ ವ್ಯತ್ಯಾಸ. ಅಮ್ಮನಿಗೆ ಹೇಳಿಕೊಟ್ಟೆ: ಗೋಡೆ ಗಡಿಯಾರದ ಚಿಕ್ಕ ಮುಳ್ಳನ್ನು ಮೂರು ಮನೆ ಹಿಂದಕ್ಕೆ ಸರಿಸು, ಬೆಳಿಗ್ಗೆಯನ್ನು ಹಿಂದಿನ ದಿನದ ಸಂಜೆ ಮಾಡು. ದೊಡ್ಡ ಮುಳ್ಳು ಮುಟ್ಟಬೇಡ.

ದುಡ್ಡಿನ ಮಾತು. ಅಲ್ಲಿ ನಡೆಯುವುದು ಪೆಸಿಫಿಕ್ ಫ್ರಾಂಕ್. ಯೂರೋಗೆ ಕಟ್ಟಿಹಾಕಿದ ನಾಣ್ಯ, ಸಾವಿರ ಫ್ರಾಂಕಿಗೆ 8.38 ಯೂರೋ, ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಪಾನ್ಸಿಯೋನ್‌ನಲ್ಲಿ ಒಬ್ಬರಿಗೆ ರೂಮು, ತಿಂಡಿ, ರಾತ್ರಿಯೂಟ ಸೇರಿ ನನಗೆ ದಿನಕ್ಕೆ ಹತ್ತು ಸಾವಿರ ಫ್ರಾಂಕಿನ ಆಸುಪಾಸು ಹೇಳಿದರು. ನಮ್ಮ ದುಡ್ಡಿನಲ್ಲಿ ಆಗ ಸುಮಾರು 7,800 ರೂಪಾಯಿ. ಏಳು ವಾರಕ್ಕೆ ಗುಣಿಸಿ ನೋಡಿ, ಎದೆ ಝಲ್ಲೆನ್ನುತ್ತದೆ. ನನ್ನನ್ನು ಉಳಿಸಿದ್ದು ಸಸ್ಯಾಹಾರ. ನಾನು ಮೀನು ತಿನ್ನುವುದಿಲ್ಲ ಅಂದಾಗ ನುಕು ಹಿವಾದ ಮನೆಯಾಕೆ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೀನೂ ಇಲ್ವಾ?" ಅಂತ ಇನ್ನೊಮ್ಮೆ ಕೇಳಿದರು. ಆಮೇಲೆ, ಅಡುಗೆಮನೆ ಇರುವ ಚಿಕ್ಕ ಔಟ್‌ಹೌಸ್ ಇದೆ, ನೀವೇ ಬೇಯಿಸಿಕೊಳ್ಳಿ ಅಂತ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಟ್ಟರು. ನಗದು ಮಾತ್ರ ಜೊತೆಗಿರಲೇಬೇಕು. ನುಕು ಹಿವಾದ ತಾಯೋಹಯೆ, ಹಿವಾ ಓವಾದ ಅತುವೋನಾ, ಈ ಎರಡು ಊರುಗಳಲ್ಲಿ ಹಣ ತೆಗೆಯಬಹುದು. ಫಾತು ಹಿವಾಕ್ಕೆ ಹೋಗುವಾಗ ಎಲ್ಲಾ ಜೇಬಿನಲ್ಲೇ ಒಯ್ದೆ.

ಚೀಲದಲ್ಲಿ ಏನಿತ್ತು ಅಂತ ಕೇಳಿದರೆ, ಎರಡು ಲೀಟರಿನ ಕುಕ್ಕರು. ಬೀಜ, ಕಾಳು, ಹಸಿ ಪದಾರ್ಥ ಒಯ್ಯುವ ಯೋಚನೆಯನ್ನೇ ಬಿಟ್ಟಿದ್ದೆ. ದ್ವೀಪಗಳಲ್ಲಿ ಹುಳ, ರೋಗ ಬಂದರೆ ಬೆಳೆಯೇ ಹೋಗುತ್ತದೆ, ತಪಾಸಣೆ ಬಿಗಿ. ಸಾರಿನ ಪುಡಿ, ಮೆಣಸಿನ ಪುಡಿ, ಇಂಗು ಮಾತ್ರ ಸೀಲ್ ಇರುವ ಪ್ಯಾಕೆಟ್ಟಿನಲ್ಲಿ. ಆಕ್ಲೆಂಡಿನಲ್ಲೂ ಪಪೇಟೆಯಲ್ಲೂ ಫಾರಂನಲ್ಲಿ ಬರೆದು ತೋರಿಸಿದೆ, ಬಿಟ್ಟರು. ಇನ್ನೊಂದು ಮುಖ್ಯ ವಸ್ತು ವಿಮೆಯ ಕಾಗದ. ತಾಯೋಹಯೆಯಲ್ಲಿ ಆಸ್ಪತ್ರೆ ಇದೆ, ಆದರೆ ಗಂಭೀರವಾದದ್ದಕ್ಕೆಲ್ಲಾ ವಿಮಾನದಲ್ಲಿ ಪಪೇಟೆಗೆ ಒಯ್ಯಬೇಕು. ಆ ಸಾಗಣೆಯ ಖರ್ಚು ಸೇರಿರುವ ಪಾಲಿಸಿಯೇ ಬೇಕು ಅಂತ ಹಟ ಹಿಡಿದು ಹುಡುಕಿದೆ. ಹೊರಡುವ ಮೊದಲು ಹಲ್ಲಿನ ಡಾಕ್ಟರಿಗೂ ತೋರಿಸಿಕೊಂಡು ಹೋದೆ.

ಈಜುಡುಪು ಎರಡು ಜೊತೆ ಒಯ್ದಿದ್ದು ದಂಡ. ಪಾಲಿನೇಷ್ಯಾ ಅಂದರೆ ತಿಳಿನೀರು, ಹವಳದ ಗೋಡೆ, ನೀರಿನ ಮೇಲೆ ಗುಡಿಸಲು ಅಂತ ಕಣ್ಣಮುಂದೆ ಬರುತ್ತದಲ್ಲ, ಮಾರ್ಕೇಸಸ್‌ನಲ್ಲಿ ಅದು ಯಾವುದೂ ಇಲ್ಲ. ಹವಳದ ತಡೆ ಇಲ್ಲದ ಕಾರಣ ಸಮುದ್ರ ನೇರ ಬಂದು ಬಂಡೆಗೆ ಬಡಿಯುತ್ತದೆ. ನೇರ ಎದ್ದುನಿಂತ ಕಪ್ಪು ಬೆಟ್ಟಗಳು, ಆಳವಾದ ಕಣಿವೆಗಳು, ಮಳೆ ಬಂದರೆ ಕೆಂಪು ನೀರು. ಚಾರ್ಮಾಡಿ ಘಾಟಿಯನ್ನು ಕಿತ್ತು ಸಮುದ್ರದ ನಡುವೆ ಇಟ್ಟರೆ ಹೇಗಿರುತ್ತದೆ, ಹಾಗೆ. ನುಕು ಹಿವಾದ ವಿಮಾನ ನಿಲ್ದಾಣ ಇರುವುದು ಒಣಗಿದ ಬೋಳು ಮೂಲೆಯಲ್ಲಿ. ಅಲ್ಲಿಂದ ತಾಯೋಹಯೆಗೆ ಜೀಪಿನಲ್ಲಿ ಒಂದೂವರೆ ಗಂಟೆ. ದಾರಿಯಲ್ಲಿ ಪೈನ್ ಮರದ ತಂಪು ಪ್ರಸ್ಥಭೂಮಿ, ಮೇಯುತ್ತಿರುವ ದನ. ಒಳ್ಳೆ ಬೂಟು ಒಯ್ದದ್ದು ಸಾರ್ಥಕವಾಯಿತು.

ಮೊದಲ ವಾರ ನನ್ನನ್ನು ಮಲಗಿಸಿದ್ದು ನೊನೊ. ಕಡುಗಪ್ಪು ಬಣ್ಣದ ಚಿಕ್ಕ ನೊಣ, ಎಳ್ಳಿನಷ್ಟು. ಹಕಾಯುಯಿ ಕಣಿವೆಯಲ್ಲಿ ವಾಯ್ಪೋ ಜಲಪಾತ ನೋಡೋಣ ಅಂತ ಹೊಳೆ ಬದಿಯಲ್ಲಿ ಎರಡು ಗಂಟೆ ನಡೆದೆ, ಅರ್ಧ ಚಡ್ಡಿಯಲ್ಲಿ. ಕಚ್ಚಿದ್ದೇ ಗೊತ್ತಾಗಲಿಲ್ಲ. ಮಾರನೇ ದಿನ ಮೊಣಕಾಲಿನ ಕೆಳಗೆ ಎಣಿಸಿದೆ, ಅರವತ್ತಮೂರು. ಕೆರೆಯಬೇಡ ಅಂತ ಎಲ್ಲರೂ ಹೇಳಿದರು, ಕೆರೆದೆ. ನಾಲ್ಕನೇ ದಿನ ಕಾಲು ಊದಿ ಕೀವು ಕಟ್ಟಿ, ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಕೊಟ್ಟರು. ಒಂದು ವಾರದ ಚಾರಣ ಎಲ್ಲಾ ರದ್ದು. ಮನೆಯಾಕೆ ತೆಂಗಿನೆಣ್ಣೆಗೆ ಏನೋ ಘಾಟು ಸೊಪ್ಪು ಹಾಕಿದ ಬಾಟಲಿ ತಂದಿಟ್ಟರು. ಕಚ್ಚುವುದಕ್ಕೆ ಮೊದಲು ಹಚ್ಚಬೇಕು, ಕಚ್ಚಿದ ಮೇಲಲ್ಲ ಅಂದರು. ಬೆಂಗಳೂರಿನಿಂದ ಒಯ್ದ ಸೊಳ್ಳೆ ಕ್ರೀಮಿಗಿಂತ ಅದೇ ಮೇಲು.

ಈ ಮನೆಯಾಕೆಯನ್ನು ಊರೆಲ್ಲಾ ಮಾಮಿ ಅಂತ ಕರೆಯುತ್ತಿತ್ತು. ಫ್ರೆಂಚಿನಲ್ಲಿ ಅಜ್ಜಿ ಅಂತ ಅರ್ಥ. ನಮ್ಮೂರಿನ ತುಳುವಿನಲ್ಲಿ ಅತ್ತೆಗೂ ಮಾಮಿ ಅನ್ನುವುದು ಕೇಳಿ ಅವರಿಗೆ ನಗುವೋ ನಗು. ಇಂಡಿಯಾ ಅಂದ ಕೂಡಲೇ "ದಿಲ್ಲಿ!" ಅಂದರು. ಯಾಕೆ ಅಂತ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ನಾನು ಹೋಗುವ ಒಂದು ತಿಂಗಳ ಹಿಂದೆ, 2024ರ ಜುಲೈನಲ್ಲಿ, ಮಾರ್ಕೇಸಸ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಆ ಸಭೆ ನಡೆದದ್ದು ನವದೆಹಲಿಯಲ್ಲಿ. ನನಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಆದರೂ ಒಂದು ತಿಂಗಳು ಆ ಹೆಸರಿನಲ್ಲಿ ಬಾಳೆಹಣ್ಣು ಪುಕ್ಕಟೆ ತಿಂದೆ. ಪರಂಪರೆ ಅಂದರೆ ಏನು ಅಂತ ಕಾಡಿಗೆ ಹೋದರೆ ಕಾಣುತ್ತದೆ. ಎಲ್ಲಿ ಕಾಲಿಟ್ಟರೂ ಕಲ್ಲಿನ ಜಗಲಿಗಳು. ಪೈಪೈ ಅನ್ನುತ್ತಾರೆ, ಹಿಂದೆ ಮನೆ ಇದ್ದ ಜಾಗ. ಯುರೋಪಿನ ಹಡಗುಗಳು ತಂದ ರೋಗಗಳಿಗೆ ಜನ ಸತ್ತು ಸತ್ತು 1920ರ ದಶಕದ ಹೊತ್ತಿಗೆ ಉಳಿದದ್ದು ಸುಮಾರು ಎರಡು ಸಾವಿರ ಮಂದಿ. ಜಗಲಿಗಳ ಮೇಲೆ ಈಗ ಆಲದಂಥ ಮರಗಳು ಬೆಳೆದಿವೆ. ಮಾಮಿ ಅವುಗಳ ಮೇಲೆ ಕಾಲಿಡಲಿಲ್ಲ, ನಾನೂ ಬದಿಯಲ್ಲೇ ನಡೆದೆ.

ಹಡಗು ಬಂದ ದಿನ ಮಾತ್ರ ನೋಡಲೇಬೇಕು. ಅಷ್ಟು ಹೊತ್ತಿಗೆ ನನ್ನ ಈರುಳ್ಳಿ ಮುಗಿದು ಆರು ದಿನ. ಬೆಳಗಿನ ಜಾವ ಕೊಲ್ಲಿಗೆ ಬಂದು ನಿಂತಿತು, ಎಂಟಕ್ಕೆಲ್ಲಾ ಜೆಟ್ಟಿಯಲ್ಲಿ ಪಿಕಪ್ ಗಾಡಿಗಳ ಸಾಲು. ಸಂಜೆ ಅಂಗಡಿಗೆ ಹೋದರೆ ಜಾತ್ರೆ. ನಾನು ಎರಡು ಕಿಲೋ ಈರುಳ್ಳಿ, ಆಲೂಗಡ್ಡೆ, ಒಂದು ಎಲೆಕೋಸು ತಂದು ಕುಕ್ಕರಿನಲ್ಲಿ ಸಾಂಬಾರು ಇಟ್ಟೆ. ಮಾಮಿಯ ಮರದ್ದೇ ಜೀಗುಜ್ಜೆ ಕೊಯ್ದು ಪೋಡಿ, ಅಂದರೆ ಬಜ್ಜಿ, ಮಾಡಿದೆ. ಕಡ್ಲೆಹಿಟ್ಟು ಎಲ್ಲಿಂದ ಬರಬೇಕು, ಮೈದಾದಲ್ಲೇ. ಮಾಮಿಯ ಮೊಮ್ಮಕ್ಕಳು ತಟ್ಟೆ ಖಾಲಿ ಮಾಡಿ ಇನ್ನೂ ಇದೆಯಾ ಅಂತ ನಿಂತವು. ಅಲ್ಲಿ ಜೀಗುಜ್ಜೆಯ ಹೆಸರು ಮೆಯಿ. ಇಡೀ ಕಾಯನ್ನು ಬೆಂಕಿಯಲ್ಲಿ ಸಿಪ್ಪೆ ಕರಿಯಾಗುವ ತನಕ ಸುಟ್ಟು, ಸುಲಿದು, ಕಲ್ಲಿನ ಒನಕೆಯಲ್ಲಿ ಕುಟ್ಟಿ, ಮೇಲೆ ತೆಂಗಿನಹಾಲು ಸುರಿಯುತ್ತಾರೆ. ಕಾಕು ಅಂತ ಹೆಸರು. ಹೊಗೆಯ ವಾಸನೆ, ಹಾಲಿನ ಸಿಹಿ. ನಮ್ಮಲ್ಲಿ ಇಷ್ಟು ವರ್ಷ ಜೀಗುಜ್ಜೆ ಇದ್ದೂ ಯಾಕೆ ಯಾರಿಗೂ ಇದು ಹೊಳೆಯಲಿಲ್ಲವೋ.

ಉವಾ ಪೌ ಚೆನ್ನಾಗಿತ್ತು. ಕಂಬದಂಥ ಬೆಟ್ಟಗಳು ಇಡೀ ವಾರದಲ್ಲಿ ಎರಡು ಸಲ ಮೋಡ ಸರಿಸಿ ಮುಖ ತೋರಿಸಿದವು. ಹಿವಾ ಓವಾದಲ್ಲಿ ಎಲ್ಲರೂ ನೋಡುವುದನ್ನು ನಾನೂ ನೋಡಿದೆ: ಗುಡ್ಡದ ಸ್ಮಶಾನದಲ್ಲಿ 1903ರಲ್ಲಿ ತೀರಿಕೊಂಡ ಚಿತ್ರಕಾರ ಗೋಗ್ಯಾನ್ ಸಮಾಧಿ, ಪುವಮಾವುನಲ್ಲಿ ಆಳೆತ್ತರ ಮೀರಿದ ಕಲ್ಲಿನ ಟಿಕಿ, ಅಂದರೆ ಮನುಷ್ಯರೂಪದ ವಿಗ್ರಹ.

ಆಮೇಲೆ ಫಾತು ಹಿವಾ. ಅತುವೋನಾದಿಂದ ದೋಣಿಯಲ್ಲಿ ನಾಲ್ಕು ಗಂಟೆ, ಅದರಲ್ಲಿ ಮೂರು ಗಂಟೆ ನಾನು ಬಕೆಟ್ ಹಿಡಿದಿದ್ದೆ. ಓಮೋವಾದಿಂದ ಹನವಾವೆಗೆ ಬೆಟ್ಟದ ದಾರಿಯಲ್ಲಿ 17 ಕಿಲೋಮೀಟರ್ ನಡೆದೆ, ಕಾಲು ಅಷ್ಟರಲ್ಲಿ ವಾಸಿಯಾಗಿತ್ತು. ಐದನೇ ದಿನ ಬೆಳಿಗ್ಗೆ ಚೀಲ ಕಟ್ಟಿ ಜೆಟ್ಟಿಗೆ ಹೋದರೆ ದೋಣಿಯವರು ಸಮುದ್ರದ ಕಡೆ ಗಲ್ಲ ಎತ್ತಿ ತೋರಿಸಿದರು. ಅಲೆ ಜೆಟ್ಟಿಯ ಮೇಲೇ ಹತ್ತುತ್ತಿತ್ತು. ನಾಳೆ ಅಂದರು. ನಾಳೆಯೂ ನಾಳೆ ಅಂದರು. ಒಟ್ಟು ನಾಲ್ಕು ದಿನ. ಜೊತೆಗಿದ್ದ ಒಬ್ಬ ಪ್ರವಾಸಿಯ ವಿಮಾನ ಆಗಲೇ ತಪ್ಪಿತ್ತು, ಅವನು ಫೋನಿನಲ್ಲಿ ಕೂಗಾಡುತ್ತಿದ್ದ. ನನ್ನ ಆರು ಖಾಲಿ ದಿನಗಳಲ್ಲಿ ನಾಲ್ಕು ಇಲ್ಲೇ ಮುಗಿದವು, ಎರಡು ಉಳಿದವು. ಹೆಂಡತಿಗೆ ಮೆಸೇಜ್ ಹಾಕಿದೆ. ಹೆಬ್ಬೆರಳಿನ ಚಿಹ್ನೆ ಒಂದು ಬಂತು.

ಎರಡನೇ ದಿನ ನಾನಿದ್ದ ಮನೆಯ ಅಜ್ಜಿ, ಅವರೂ ಮಾಮಿಯೇ, ಹಿತ್ತಲಿಗೆ ಕರೆದರು. ಮೂಲೆಯಲ್ಲಿ ಕಲ್ಲು ಹೇರಿದ ಒಂದು ಗುಂಡಿ. ಕಲ್ಲು ಸರಿಸಿದರು, ಮಣ್ಣು ತೆಗೆದರು, ಕಂದಿದ ಎಲೆಗಳನ್ನು ಒಂದೊಂದೇ ಪದರ ಬಿಡಿಸಿದರು. ಒಳಗಿನಿಂದ ಹುಳಿ ವಾಸನೆ ಗಪ್ಪನೆ ಬಂತು. ಹಳದಿ ಹಿಟ್ಟಿನ ಮುದ್ದೆ. ಮೆಯಿಯನ್ನು ಹುದುಗಿಸಿ ಗುಂಡಿಯಲ್ಲಿಟ್ಟದ್ದು, ಹೆಸರು ಮಾ. ಬರಗಾಲ ಬಂದಾಗ ಊರು ಉಳಿಯುತ್ತಿದ್ದದ್ದೇ ಇದರಿಂದ. ಹೊಸ ಮೆಯಿಯ ಜೊತೆ ಕುಟ್ಟಿದರೆ ಪೋಪೋಯಿ. ಬೆರಳಿನಲ್ಲಿ ತೆಗೆದು ಬಾಯಿಗಿಟ್ಟೆ. ಆ ವಾಸನೆ ನನಗೆ ಹೊಸದಲ್ಲ. ನಮ್ಮನೆ ಅಟ್ಟದ ಭರಣಿಯದ್ದು, ಹಲಸಿನ ಉಪ್ಪುಸೊಳೆಯದ್ದು. ಆಟಿಯ ಮಳೆಯಲ್ಲಿ ಅಮ್ಮ ಅದನ್ನು ತೊಳೆದು ಉಂಡ್ಲಕಾಳು ಕರಿಯುವಾಗ ಇಡೀ ಮನೆಗೆ ಬರುವಂಥದ್ದು.

ಸಂಜೆ ಐದಕ್ಕೆ ಫೋನ್ ಮಾಡಿದೆ. ಅಲ್ಲಿ ಮಾರನೇ ಬೆಳಿಗ್ಗೆ ಎಂಟು, ಅಮ್ಮ ದೋಸೆ ಮುಗಿಸಿ ಕೂತಿದ್ದರು. ಗುಂಡಿಯ ವಿಷಯ ಪೂರ್ತಿ ಹೇಳಿದೆ. ಅವರಿಗೆ ಬೆಟ್ಟ, ದೋಣಿ, ಅಲೆ ಯಾವುದೂ ಬೇಕಿರಲಿಲ್ಲ.

"ಉಪ್ಪು ಎಷ್ಟು ಹಾಕ್ತಾರಂತೆ?"

"ಹಾಕೋದೇ ಇಲ್ವಂತೆ."

"ಉಪ್ಪಿಲ್ದೆ ಹುಳ ಆಗದೆ ಇರ್ತದಾ? ಸರಿಯಾಗಿ ಕೇಳು ಮಾರಾಯ."

ಫೋನನ್ನು ಹಾಗೇ ಹಿಡಿದುಕೊಂಡು ನನ್ನ ಹರಕು ಫ್ರೆಂಚಿನಲ್ಲಿ ಕೇಳಿದೆ. ಅಜ್ಜಿ ಎಲೆಗಳನ್ನು ಒಂದರ ಮೇಲೊಂದು ಮಡಿಸಿ, ಅಂಚನ್ನು ಅಂಗೈಯಲ್ಲಿ ಒತ್ತಿ ಒತ್ತಿ ಕೂರಿಸಿದರು. ಒಂದು ಬೆರಳನ್ನು ತುಟಿಗೆ ಅಡ್ಡ ಇಟ್ಟು ಉಸಿರು ಬಿಗಿಹಿಡಿದು ತೋರಿಸಿದರು.

"ಗಾಳಿ ಹೋಗಬಾರದಂತೆ ಅಮ್ಮ."

"ಹಾಂ, ಅದು ಸರಿ" ಅಂದರು ಅಮ್ಮ. "ಎಲೆ ಯಾವುದು ಕೇಳು."